ಕಾವಲಿಲ್ಲದ ಅಂಗಡಿಗೆ ಕಾವಲು ಕೂತ ಚಿಕ್ಕಪ್ಪ

ಪರದೇಶಕ್ಕೆ ಹೋಗಿ ಬಂದವರನ್ನು ಊರಿನವರು ಮೊದಲು ಕೇಳುವುದು ಅಲ್ಲಿ ಏನೇನು ನೋಡಿದೆ ಎಂದು. ಜಪಾನಿನಲ್ಲಿದ್ದ ಎಂಟು ದಿನ ನಾನು ಹೆಚ್ಚಾಗಿ ನೋಡಿದ್ದು ನಮ್ಮ ಚಿಕ್ಕಪ್ಪನನ್ನೇ. ಕಣ್ಣು ಒಂದು ಗಳಿಗೆ ಅವನ ಮೇಲಿಂದ ಆಚೆ ಹೋದರೆ ಏನಾದರೊಂದು ಆಗಿರುತ್ತಿತ್ತು. ಬೆಟ್ಟ ಇತ್ತು, ಹೊಳೆ ಇತ್ತು, ಮರದ ದೇವಸ್ಥಾನಗಳಿದ್ದವು. ಅವುಗಳ ಬಗ್ಗೆ ಬೇರೆ ಯಾರಾದರೂ ಚೆನ್ನಾಗಿ ಬರೆದಿರುತ್ತಾರೆ. ನಾನು ಹಣ್ಣು ತರಕಾರಿಯ ವಿಚಾರ ಬರೆಯುತ್ತೇನೆ, ಯಾಕೆಂದರೆ ಹೋದದ್ದು ಅದಕ್ಕೆ, ತಲೆ ತಗ್ಗಿಸಿದ್ದೂ ಅದಕ್ಕೆ.

ಚಿಕ್ಕಪ್ಪನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಯಾರೂ ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕಡೆ ಚಿಕ್ಕಪ್ಪನಿಗೆ ಬಹುವಚನ ಹಾಕಿದರೆ ಆಸ್ತಿ ಜಗಳ ಶುರುವಾಗಿದೆ ಎಂದು ಅರ್ಥ.

ನಮ್ಮೂರು ರಾಮನಗರದಿಂದ ಮಾಗಡಿ ಕಡೆ ಹೋಗುವ ದಾರಿಯಲ್ಲಿದೆ. ಅಪ್ಪನ ಪಾಲಿಗೆ ಬಂದದ್ದು ಬಂಡೆ ಇದ್ದ ಹೊಲ. ಚಿಕ್ಕಪ್ಪನ ಪಾಲಿಗೆ ಬಂದದ್ದು ಮಾವಿನ ತೋಟ. ಅವ್ವ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕಡೆ ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡು ನನ್ನನ್ನು ಓದಿಸಿದಳು. ಕಾಲೇಜಿಗೆ ನಾನು ಹೋಗುತ್ತಿದ್ದ ಬಸ್ಸಿನಲ್ಲಿ ಮಾರುಕಟ್ಟೆಗೆ ಹೋಗುವ ಗೂಡಿನ ಮೂಟೆಗಳೂ ಬರುತ್ತಿದ್ದವು. ನನ್ನ ಮೈಯಿಂದ ಹುಳದ ವಾಸನೆ ಬರುತ್ತದೆಂದು ಮುಂದಿನ ಬೆಂಚಿನ ಹುಡುಗಿಯರು ಸರಿದು ಕೂರುತ್ತಿದ್ದರು. ಅದೇ ಬೆಂಚಿನಲ್ಲಿ ಕೂತು ಬಿ.ಕಾಂ. ಮುಗಿಸಿದೆ. ನಮ್ಮ ವಂಶದಲ್ಲಿ ಪದವಿ ಸರ್ಟಿಫಿಕೇಟನ್ನು ಕೈಯಲ್ಲಿ ಹಿಡಿದ ಮೊದಲನೆಯವಳು ನಾನೇ. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ.

ಈಗ ನಾನು ಹನ್ನೊಂದು ಮನೆಯ ಮಾವು ಬೆಳೆಗಾರರು ಸೇರಿ ಮಾಡಿಕೊಂಡ ಸಣ್ಣ ಸಂಘದ ಕಾರ್ಯದರ್ಶಿ. ನಮ್ಮ ಕಡೆ ತೋಟಗಳನ್ನು ಹೂ ಬಿಡುವ ಮುಂಚೆಯೇ ಗುತ್ತಿಗೆಗೆ ಕೊಟ್ಟುಬಿಡುತ್ತಾರೆ. ಗುತ್ತಿಗೆದಾರ ಔಷಧಿ ಹೊಡೆಸುತ್ತಾನೆ, ಕಾಯುತ್ತಾನೆ, ಕೀಳಿಸುತ್ತಾನೆ, ಲಾರಿಗೆ ತುಂಬಿಸುತ್ತಾನೆ. ಬೆಳೆದವನು ತನ್ನ ತೋಟದಲ್ಲೇ ಒಂದು ಹಣ್ಣು ಕೀಳಬೇಕಾದರೂ ಅವನನ್ನು ಕೇಳಬೇಕು. ಇದನ್ನು ಬಿಟ್ಟು ನಾವೇ ರಸ್ತೆ ಬದಿ ಮಳಿಗೆ ಹಾಕಿ ಮಾರೋಣ ಎಂಬುದು ನನ್ನ ಹಟ. ಹತ್ತು ಮನೆಯವರು ಒಪ್ಪಿದ್ದರು. ಹನ್ನೊಂದನೆಯವನು ಚಿಕ್ಕಪ್ಪ. ಇಡೀ ಸಂಘದಲ್ಲಿ ಎಲ್ಲರಿಗಿಂತ ಮೊದಲು ಹಣ್ಣಾಗುವುದು ಅವನ ತೋಟದ ಬಾದಾಮಿ. ಅದಿಲ್ಲದಿದ್ದರೆ ಮಳಿಗೆ ತೆರೆದ ಮೊದಲ ಮೂರು ವಾರ ನಾವು ಖಾಲಿ ಬುಟ್ಟಿ ಇಟ್ಟುಕೊಂಡು ನೊಣ ಹೊಡೆಯಬೇಕು. ಅಷ್ಟರಲ್ಲಿ ಗಿರಾಕಿಗಳು ಬೇರೆ ಕಡೆ ಹೋಗಿರುತ್ತಾರೆ, ಹತ್ತು ಮನೆಯವರೂ ಮತ್ತೆ ಗುತ್ತಿಗೆದಾರನ ಹಿಂದೆ ಹೋಗಿರುತ್ತಾರೆ.

ಚಿಕ್ಕಪ್ಪ ಆಗಲಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ. "ಜಪಾನ್ ನೋಡ್ಕಂಡ್ ಬಂದು ಹೇಳ್ತೀನಿ ಕಣವ್ವ" ಅಂದ.

ಜಪಾನ್ ಎಲ್ಲಿಂದ ಬಂತು ಎಂದರೆ ಯೊಶಿಕೊ ಅವರಿಂದ. ಅವರ ಗಂಡ ನಾಲ್ಕು ವರ್ಷ ಬಿಡದಿಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ಯೊಶಿಕೊ ಪ್ರತಿ ಬೇಸಿಗೆ ಹಳೇ ಮೈಸೂರು ರಸ್ತೆಗೆ ಬಂದು ನಮ್ಮ ಕಡೆಯ ಹಣ್ಣು ಕೊಳ್ಳುತ್ತಿದ್ದರು. ಅವರಿಗೆ ಬರುವ ಕನ್ನಡವೆಲ್ಲ ಹಣ್ಣಿನ ಅಂಗಡಿಯಲ್ಲಿ ಕಲಿತದ್ದು. ತಮ್ಮ ದೇಶಕ್ಕೆ ವಾಪಸಾದ ಮೇಲೆ, ಅವರೂರಿನ ರೈತರ ಸಂಘ ಬೇಸಿಗೆಯಲ್ಲಿ ಹೊರದೇಶದ ಇಬ್ಬರು ಬೆಳೆಗಾರರನ್ನು ಕರೆಸಿಕೊಳ್ಳುತ್ತದೆಂದು ನಮ್ಮ ಹೆಸರು ಕೊಟ್ಟರು. ನನಗಾದರೋ ಒಂದೇ ಲೆಕ್ಕಾಚಾರ: ಬೆಳೆದವರೇ ಮಾರುವುದನ್ನು ಚಿಕ್ಕಪ್ಪ ಕಣ್ಣಾರೆ ನೋಡಲಿ.

ವಿಮಾನ ನಿಲ್ದಾಣ

ವಿಮಾನ ಇಳಿಯುವ ಮುಂಚೆ ಒಂದು ಕಾಗದ ತುಂಬಬೇಕಿತ್ತು.

"ಚಿಕ್ಕಪ್ಪ, ಬ್ಯಾಗಲ್ಲಿ ತಿನ್ನೋ ಪದಾರ್ಥ ಏನಾದ್ರೂ ಐತಾ?"

"ಏನೂ ಇಲ್ಲ. ಬಟ್ಟೆ, ಬ್ರಶ್ಶು, ನಿಮ್ ಚಿಕ್ಕಮ್ಮ ಕೊಟ್ಟ ವಿಭೂತಿ."

ಮೂರು ಸಲ ಕೇಳಿದೆ. ಮೂರು ಸಲವೂ ಅದೇ ಉತ್ತರ. ಕಾಗದದಲ್ಲಿ ಇಲ್ಲ ಎಂದು ಗುರುತು ಹಾಕಿ ಸಹಿ ಮಾಡಿದೆ.

ಸಾಮಾನು ತೆಗೆದುಕೊಳ್ಳುವ ಕಡೆ ಜೋಲುಕಿವಿಯ ಒಂದು ಪುಟ್ಟ ನಾಯಿ ಹಸಿರು ಕೋಟು ಹಾಕಿಕೊಂಡು ಓಡಾಡುತ್ತಿತ್ತು. ಮುನ್ನೂರು ಜನರ ಚೀಲ ಬಿಟ್ಟು ನೇರ ಬಂದು ಚಿಕ್ಕಪ್ಪನ ಚೀಲದ ಪಕ್ಕ ಕುಕ್ಕರಿಸಿ ಕೂತುಬಿಟ್ಟಿತು. ಹಿಂದಿದ್ದ ಅಧಿಕಾರಿಣಿ ಬಗ್ಗಿ ನಮಸ್ಕಾರ ಮಾಡಿ ಚೀಲ ತೆರೆಯಲು ಹೇಳಿದಳು. ಪಂಚೆಯೊಳಗೆ ಪಂಚೆ, ಅದರೊಳಗೆ ಟವಲು, ಟವಲಿನೊಳಗೆ ನಾಲ್ಕು ನೀಲಂ ಮಾವು.

"ಇದೇನ್ ಚಿಕ್ಕಪ್ಪ?"

"ಹಣ್ಣು."

"ತಿನ್ನೋದು ಏನೂ ಇಲ್ಲ ಅಂದೆ?"

"ಇದು ತಿನ್ನಕ್ಕಲ್ಲ ಕಣವ್ವ, ಕೊಡಕ್ಕೆ. ಕರೆದೋರ ಮನೇಗೆ ಕೈ ಬೀಸ್ಕಂಡು ಹೋದಾರಾ?"

ಹಣ್ಣಿನ ಜೊತೆ ನಮ್ಮ ನೊಣ ಅವರ ದೇಶಕ್ಕೆ ಬರಬಾರದಂತೆ. ನಾನು ಅರ್ಧ ಗಂಟೆ ನಿಂತು ತಪ್ಪಾಯಿತೆಂದು ಬರೆದುಕೊಟ್ಟೆ. ಪದವಿ ಪಡೆದ ಮೇಲೆ ನಾನು ಇಂಗ್ಲಿಷಿನಲ್ಲಿ ಬರೆದ ಅತಿ ಉದ್ದದ ಪತ್ರ ಅದು. ಅಧಿಕಾರಿಣಿ ನಾಲ್ಕು ಹಣ್ಣನ್ನೂ ಒಂದು ಚೀಲಕ್ಕೆ ಹಾಕಿ ಮತ್ತೆ ನಮಸ್ಕಾರ ಮಾಡಿದಳು. ಚಿಕ್ಕಪ್ಪನ ಕಣ್ಣು ಮಾತ್ರ ನಾಯಿಯ ಮೇಲೆ.

"ಭಲೇ ಮಗನೇ! ಮೂರು ಸುತ್ತು ಬಟ್ಟೆ ಆಚೆಯಿಂದ ಹಣ್ಣಾಗೈತೆ ಅಂತ ಹೇಳ್ತಲ್ಲಾ. ನಮ್ಮ ದಲ್ಲಾಳಿಗೋಳು ಹಿಸುಕಿ ಹಿಸುಕಿ ಹಾಳು ಮಾಡ್ತಾರೆ, ಇವ್ನು ಮುಟ್ನೇ ಇಲ್ಲ."

ಹೆದ್ದಾರಿ ಪಕ್ಕದ ಸಂತೆ

ಯೊಶಿಕೊ ಅವರ ಊರು ಬೆಟ್ಟಗಳ ನಡುವಿನ ಕಣಿವೆಯಲ್ಲಿದೆ. ನಮ್ಮ ಬೆಟ್ಟಗಳು ಬರೀ ಬಂಡೆ, ಅವರ ಬೆಟ್ಟಗಳು ಬರೀ ಮರ. ಸೆಕೆ ಮಾತ್ರ ಎರಡೂ ಕಡೆ ಒಂದೇ. ಚಿಕ್ಕಪ್ಪ ಮೊದಲ ದಿನವೇ ಯೊಶಿಕೊ ಅವರಿಗೆ ಯಶೋದಮ್ಮ ಎಂದು ನಾಮಕರಣ ಮಾಡಿದ. ಅವರೂ "ಏನು ಗೌಡ್ರೇ" ಎಂದು ಓಗೊಟ್ಟರು. ನನ್ನ ತಿದ್ದುಪಡಿಯನ್ನು ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ಹೆದ್ದಾರಿ ಪಕ್ಕದಲ್ಲೇ ರೈತರ ಸಂತೆ. ಇದನ್ನು ಚಿಕ್ಕಪ್ಪ ನೋಡಲೇಬೇಕೆಂದು ನಾನು ಕಾದಿದ್ದೆ. ನಮ್ಮಲ್ಲಿ ಹೊಸ ಹೆದ್ದಾರಿ ಬಂದ ಮೇಲೆ ರಾಮನಗರ, ಚನ್ನಪಟ್ಟಣದ ರಸ್ತೆ ಬದಿಯ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ಕಾರುಗಳೆಲ್ಲ ಮೇಲಿಂದಲೇ ಹಾರಿ ಹೋಗುತ್ತವೆ. ಇಲ್ಲಿ ಹೆದ್ದಾರಿಯಿಂದ ಇಳಿಸಿ, ಕಾರು ನಿಲ್ಲಿಸಲು ಜಾಗ ಕೊಟ್ಟು, ಅದೇ ಬೆಳಗ್ಗೆ ಕಿತ್ತ ತರಕಾರಿ ಮುಂದಿಟ್ಟಿದ್ದಾರೆ. ಪ್ರತಿ ಪೊಟ್ಟಣದ ಮೇಲೆ ಬೆಳೆದವರ ಹೆಸರು, ಗೋಡೆಯ ಮೇಲೆ ಅವರ ಫೋಟೋ.

ಚಿಕ್ಕಪ್ಪ ಫೋಟೋಗಳನ್ನು ಒಂದು ಕಡೆಯಿಂದ ನೋಡುತ್ತಾ ಬಂದ. "ಏನವ್ವ, ಇಷ್ಟು ಜನ ಎಲೆಕ್ಷನ್ನಿಗೆ ನಿಂತವ್ರಾ?"

"ಬೆಳೆದೋರು ಚಿಕ್ಕಪ್ಪ. ಈ ಸೌತೇಕಾಯಿ ಈವಯ್ಯಂದು."

"ಅವ್ನೆಲ್ಲಿ?"

"ಹೊಲದಲ್ಲಿರ್ತಾನೆ."

"ಫೋಟೋ ನಿಲ್ಸಿ ಅವ್ನು ಹೊಲಕ್ಕೆ ಹೋದ್ನಾ! ಫೋಟೋನ ಏನಂತ ಮಾತಾಡ್ಸನ? ಕಹಿ ಇದ್ರೆ ಯಾರ್ನ ಬಯ್ಯನ?"

ಸೌತೇಕಾಯಿಗಳೆಲ್ಲ ರೂಲರ್ ಇಟ್ಟು ಗೆರೆ ಎಳೆದ ಹಾಗೆ ನೆಟ್ಟಗಿದ್ದವು. ಬದನೆಕಾಯಿಗೆ ಎಣ್ಣೆ ಸವರಿದಂಥ ಹೊಳಪು. ನಾನು ಅಷ್ಟನ್ನೂ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಚಿಕ್ಕಪ್ಪ ಪೀಚ್ ಹಣ್ಣಿನ ತಟ್ಟೆಗಳ ಹತ್ತಿರ ಇದ್ದ. ತೊಟ್ಟಿನ ಹತ್ತಿರ ಮೂಸುವುದು, ಹೆಬ್ಬೆರಳಿನಲ್ಲಿ ಒಸಿ ಒತ್ತುವುದು, ಕೆಳಗಿಡುವುದು. ಮಾವಿನ ತೋಟದಲ್ಲಿ ಬೆಳೆದವರ ಕೈಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಆದರೆ ಪೀಚ್ ಮಾವಲ್ಲ. ಅದರ ಮೈ ಹಸುಗೂಸಿನ ಕೆನ್ನೆ. ಚಿಕ್ಕಪ್ಪನ ಹೆಬ್ಬೆರಳು ಇಳಿದ ಕಡೆಯಲ್ಲೆಲ್ಲ ಕಂದು ಮಚ್ಚೆ ಬೀಳುತ್ತಿತ್ತು. ಆರು ಹಣ್ಣಿಗೆ ಆರು ಮಚ್ಚೆ.

ಅಂಗಡಿಯ ಹುಡುಗಿ ಓಡಿ ಬಂದಳು. ಬಯ್ಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಅವಳು ತಾನೇ ತಪ್ಪು ಮಾಡಿದವಳಂತೆ ಬಗ್ಗಿ ನಿಂತಳು. ನಾನೂ ಬಗ್ಗಿದೆ, ಆರೂ ಹಣ್ಣು ಕೊಂಡೆ, ಚಿಕ್ಕಪ್ಪನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ.

"ಮುಟ್ಟಬಾರ್ದು ಅಂತ ಚಿತ್ರ ಬರ್ದು ಹಾಕವ್ರೆ, ಕಾಣ್ಲಿಲ್ವಾ?"

"ಮುಟ್ದೆ ಹಣ್ಣು ತಗಳೋನು ಗಿರಾಕಿಯೇನವ್ವ? ಅವ್ನು ಬರೀ ದುಡ್ಡು ಕೊಡೋನು."

ಸಂತೆಯ ಹಿಂದೆ ಒಂದು ಕಲ್ಲುಬೆಂಚು, ಪಕ್ಕದಲ್ಲಿ ನಲ್ಲಿ. ಕೋಪದಲ್ಲೇ ಒಂದು ಹಣ್ಣು ತೊಳೆದು ಕಚ್ಚಿದೆ. ರಸ ಮೊಣಕೈವರೆಗೆ ಇಳಿಯಿತು. ಸಿಹಿ ಎಂದರೆ ಸಕ್ಕರೆಯ ಸಿಹಿಯಲ್ಲ, ಹಿಂದೆಯೇ ಒಂದು ಸಣ್ಣ ಹುಳಿ ಬಂದು ನಾಲಗೆಯನ್ನು ತೊಳೆದು ಮುಂದಿನ ತುತ್ತಿಗೆ ಸಿದ್ಧ ಮಾಡುತ್ತಿತ್ತು. ಇನ್ನೊಂದು ತೆಗೆದುಕೊಂಡೆ. ಚಿಕ್ಕಪ್ಪ ಪಂಚೆ ಮೇಲಕ್ಕೆ ಕಟ್ಟಿ, ಮುಂದಕ್ಕೆ ಬಾಗಿ, ನಮ್ಮ ಕಡೆ ರಸಪುರಿ ತಿನ್ನುವ ಹಾಗೆ ಓಟೆಯವರೆಗೆ ಚೀಪಿದ. ಹಾಗೇ ಮೂರು ಮುಗಿಸಿ ನಲ್ಲಿಯಲ್ಲಿ ಕೈ ತೊಳೆದ.

"ಮಚ್ಚೆ ಇರೋ ಕಡೆನೇ ರುಚಿ ಕಣವ್ವ," ಅಂದ ಕೊನೆಗೆ. "ನಾನು ಒತ್ತಿದ್ದಕ್ಕೇ ಹಣ್ಣಾಗಿದ್ದು."

ಯೊಶಿಕೊ ಮನೆಯ ಜಗಲಿ

ಸಾಯಂಕಾಲ ಜಗಲಿಯಲ್ಲಿ ಊಟ. ಟೊಮೆಟೊ ಹಣ್ಣನ್ನು ಮನೆ ಮುಂದಿನ ಕಾಲುವೆಯ ತಣ್ಣೀರಿನಲ್ಲಿ ತೇಲಿಬಿಟ್ಟು ತಂದಿದ್ದರು. ಸೌತೇಕಾಯಿಗೆ ನಂಚಿಕೊಳ್ಳಲು ಸೋಯಾಕಾಳು ಹುದುಗಿಸಿ ಮಾಡಿದ ಉಪ್ಪುಪ್ಪಾದ ಒಂದು ಹಿಟ್ಟು. ಸುಟ್ಟ ಬದನೆಕಾಯಿ, ಸಿಪ್ಪೆ ಸುಲಿದು ಶುಂಠಿ ತುರಿದು ಹಾಕಿದ್ದು. ಚಿಕ್ಕಪ್ಪ ಅದನ್ನು ನೋಡಿ, "ಗೊಜ್ಜು ಮಾಡಕ್ಕೆ ಎಲ್ಲಾ ರೆಡಿ ಮಾಡ್ಬುಟ್ಟು ಮರ್ತವ್ರೆ ಪಾಪ" ಅಂದ. ಯೊಶಿಕೊ ಮುಸುಕಿನ ಜೋಳದ ತೆನೆ ಸುಲಿದು ಬೇಯಿಸದೆ ಹಾಗೇ ಕೈಗೆ ಕೊಟ್ಟರು.

"ಹಸೀದಾ? ನಾನೇನು ಗಿಣಿನಾ ಯಶೋದಮ್ಮ?"

"ತಿನ್ನಿ ಗೌಡ್ರೇ. ಬೆಳಗ್ಗೆ ಕಿತ್ತಿದ್ದು. ಚೆನ್ನಾಗಿದೆ, ಕಮ್ಮಿ ಮಾಡಲ್ಲ."

ಅಂಗಡಿ ಕನ್ನಡ ಅಂದೆನಲ್ಲ. ಚಿಕ್ಕಪ್ಪ ಒಂದು ಕಚ್ಚು ಕಚ್ಚಿ ತೆನೆಯನ್ನು ದೂರ ಹಿಡಿದು ನೋಡಿದ. ಆಮೇಲೆ ಎರಡು ತೆನೆ ಮುಗಿಸಿದ. ಇದೇ ಸರಿಯಾದ ಹೊತ್ತೆಂದು ನಾನು ಮಳಿಗೆಯ ಮಾತು ತೆಗೆದೆ. ಹೆಸರಿನ ಚೀಟಿ, ಫೋಟೋ, ಒಂದೇ ಅಳತೆಯ ಪೆಟ್ಟಿಗೆ, ಆರು ತಿಂಗಳಿಂದ ನಾನು ಬರೆದಿಟ್ಟ ಯೋಜನಾ ವರದಿ. ಬಾಯಿ ತೆರೆದು ಎರಡು ನಿಮಿಷ ಆಗಿರಲಿಲ್ಲ, ಚಿಕ್ಕಪ್ಪನ ಫೋನು ಬಡಿದುಕೊಂಡಿತು. ಕೆಂಪರಾಜು, ಅವನ ತೋಟದ ಗುತ್ತಿಗೆದಾರ. ಚಿಕ್ಕಪ್ಪನಿಗೆ ಕಿವಿ ಸ್ವಲ್ಪ ಮಂದ, ಆದ್ದರಿಂದ ಅವನ ಫೋನು ಇಡೀ ಬೀದಿಗೆ ಕೇಳುತ್ತದೆ.

"ಅಣ್ಣೋ! ಜಪಾನ್ ಹೆಂಗೈತೆ?"

"ಹಿಂಗೇ ಐತೆ ಕಣ್ಲಾ. ಹಸಿ ಜೋಳ ತಿನ್ನಿಸ್ತಾವ್ರೆ."

"ತೋಟದ ಇಸ್ಯ ಏನ್ ಮಾಡ್ದೆ? ಎರಡು ವರ್ಸಕ್ಕೆ ಬರ್ಕಂಡ್ಬುಡನ ಅಂತ. ನಿಮ್ಮಣ್ಣನ ಮಗಳ ಮಾತು ಕೇಳ್ಕಂಡು ರಸ್ತೇಲಿ ತಕ್ಕಡಿ ಹಿಡ್ಕಂಡು ಕೂತ್ಕಬೇಡ. ನಿನ್ನಂತ ಗೌಡನಿಗೆ ಅದು ಶೋಭೆನಾ?"

"ಬಂದು ಹೇಳ್ತೀನಿ ಬುಡ್ಲಾ."

"ಇನ್ನೆರಡು ದಿನ ನೋಡ್ತೀನಣ್ಣ. ಆಮೇಲೆ ಮಾಗಡಿ ಕಡೆ ಬೇರೆ ತೋಟ ಹಿಡ್ಕಬೇಕಾಯ್ತದೆ."

ಫೋನು ಇಟ್ಟ ಚಿಕ್ಕಪ್ಪ ಮೂರನೇ ತೆನೆ ಕೈಗೆತ್ತಿಕೊಂಡ. ನನ್ನ ವರದಿ ಮೊದಲ ಪುಟದಲ್ಲೇ ನಿಂತಿತ್ತು.

"ಏನಂತೀಯ ಚಿಕ್ಕಪ್ಪ?"

"ನೋಡನ."

ಈ 'ನೋಡನ' ಕೇಳಿ ಕೇಳಿ ನನಗೆ ಸಾಕಾಗಿತ್ತು. ವಿಮಾನ ಹತ್ತಿಸಿ ಸಮುದ್ರ ದಾಟಿಸಿ ನೋಡಿಸಿದ ಮೇಲೂ ಇನ್ನೇನು ನೋಡುವುದು?

ಗದ್ದೆ ದಾರಿ

ಮಾರನೇ ದಿನ ಯೊಶಿಕೊ ಅವರಿಗೆ ಸಂಘದಲ್ಲಿ ಕೆಲಸ. ಮಧ್ಯಾಹ್ನದವರೆಗೆ ನೀವೇ ಸುತ್ತಾಡಿ ಬನ್ನಿ ಅಂದರು. ಗದ್ದೆಗಳ ನಡುವಿನ ಸಣ್ಣ ರಸ್ತೆ ಹಿಡಿದು ಹೊರಟೆವು. ಒಂದು ತಿರುವಿನಲ್ಲಿ ತಗಡಿನ ಸೂರು, ಅದರ ಕೆಳಗೆ ಹಲಗೆ. ಹಲಗೆಯ ಮೇಲೆ ಟೊಮೆಟೊ, ಸೌತೇಕಾಯಿ, ಬದನೆಕಾಯಿ ಪ್ಲಾಸ್ಟಿಕ್ ಚೀಲಗಳಲ್ಲಿದ್ದವು. ಮೂಲೆಯಲ್ಲಿ ಒಂದು ತಗಡಿನ ಡಬ್ಬಿ. ಮನುಷ್ಯರಿಲ್ಲ.

"ಯಾರ್ರೀ ಅದು, ಅಂಗ್ಡಿಯೋರು!" ಚಿಕ್ಕಪ್ಪ ಕೂಗಿದ. ಗದ್ದೆಯಿಂದ ಒಂದು ಕೊಕ್ಕರೆ ಎದ್ದು ಹೋಯಿತು.

"ಚಿಕ್ಕಪ್ಪ, ಇಲ್ಲಿ ಯಾರೂ ಇರಲ್ಲ. ಬೇಕಾದ್ದು ತಗಂಡು ಡಬ್ಬಿಗೆ ದುಡ್ಡು ಹಾಕಿ ಹೋಯ್ತಾರೆ. ನಾನು ಓದಿವ್ನಿ."

"ಯಾರು ಬರ್ದವ್ನೋ ಅವ್ನಿಗೂ ತಲೆ ಇಲ್ಲ. ಯಾಪಾರ ತೆರ್ದು ಬುಟ್ಟು ಯಾರಾನಾ ಹೋದಾರಾ? ಪಾಪ, ಯಾವ್ದೋ ಹೆಂಗಸು, ಹೊಟ್ಟೆ ಕೆಟ್ಟೋ ಮಗೀಗೆ ಹುಷಾರಿಲ್ದೋ ಓಡೋಗೈತೆ. ಬರೋಗಂಟ ನೋಡ್ಕಳನ."

"ಬೇಡ. ಬಾ ಹೋಗನ."

"ಚನ್ನಪಟ್ಟಣದ ಸಂತೇಲಿ ಪಕ್ಕದೋರು ಒಸಿ ನೋಡ್ಕಳಿ ಅಂದ್ರೆ ಇಲ್ಲ ಅಂತೀವಾ?"

"ಇಲ್ಲಿ ಯಾರೂ ನೋಡ್ಕಳಿ ಅಂದಿಲ್ಲ!"

"ಹೇಳಕ್ಕೂ ಟೇಮಿಲ್ದಂಗೆ ಹೋಗೈತೆ ಅಂದ್ರೆ ಎಂಥಾ ಕಷ್ಟವೋ ಏನೋ," ಅನ್ನುತ್ತಾ ಚಿಕ್ಕಪ್ಪ ಹಲಗೆಯ ಹಿಂದೆ ಹೋಗಿ ಮಗುಚಿಟ್ಟ ಒಂದು ಪೆಟ್ಟಿಗೆಯ ಮೇಲೆ ಕೂತ.

ಹತ್ತು ನಿಮಿಷ ವಾದ ಮಾಡಿದೆ. ಆಮೇಲೆ ಗಂಟಲು ಒಣಗಿತು. ನಾನು ಮರದ ನೆರಳಿಗೆ ಹೋಗಿ ಬೆನ್ನು ತಿರುಗಿಸಿ ಕೂತೆ. ತಿರುಗಿ ನೋಡಿದಾಗ ಪ್ಲಾಸ್ಟಿಕ್ ಚೀಲಗಳೆಲ್ಲ ಬಿಚ್ಚಿಹೋಗಿದ್ದವು. ಟೊಮೆಟೊ, ಸೌತೆ, ಬದನೆ ನಮ್ಮ ಸಂತೆಯ ಹಾಗೆ ಗುಡ್ಡೆಗುಡ್ಡೆಯಾಗಿ ಕೂತಿದ್ದವು. ನನ್ನ ಕುಡಿಯುವ ನೀರಿನ ಬಾಟಲಿ ಖಾಲಿ, ತರಕಾರಿಯ ಮೇಲೆಲ್ಲ ಹನಿ.

"ಚೀಲದೊಳಗೆ ಬೆವ್ತು ಸಾಯ್ತಿದ್ವು ಕಣವ್ವ."

ಒಂದು ಪುಟ್ಟ ಬಿಳಿ ಟ್ರಕ್ಕು ಬಂದು ನಿಂತಿತು. ಇಳಿದವನು ಚಿಕ್ಕಪ್ಪನ ವಯಸ್ಸಿನವನು, ರಬ್ಬರ್ ಬೂಟು, ತಲೆಗೆ ಟವಲು. ಚಿಕ್ಕಪ್ಪನ ತಲೆಗೂ ಟವಲು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅವನು ಒಂದು ಗುಡ್ಡೆ ಸೌತೇಕಾಯಿ ತೋರಿಸಿ, ಡಬ್ಬಿಗೆ ನಾಣ್ಯ ಹಾಕಿ, ಎತ್ತಿಕೊಂಡ. ಚಿಕ್ಕಪ್ಪ ಇನ್ನೊಂದು ಸೌತೇಕಾಯಿ ತೆಗೆದು ಅವನ ಚೀಲಕ್ಕೆ ಹಾಕಿದ. ಕೊಂಡದ್ದರ ಮೇಲೆ ಒಂದು ಸುಮ್ಮನೆ ಹಾಕುವುದಕ್ಕೆ ನಮ್ಮಲ್ಲಿ ಕೊಸರು ಅನ್ನುತ್ತಾರೆ. ಕೊಸರು ಹಾಕದ ವ್ಯಾಪಾರಿ ನಮ್ಮ ಸಂತೆಯಲ್ಲಿ ಎರಡನೇ ವಾರ ಕಾಣುವುದಿಲ್ಲ. ಆದರೆ ಬೇರೆಯವರ ಮಾಲಿಗೆ ಇವನು ಕೊಸರು ಹಾಕಿದ್ದ. ನಾನು ನೆರಳಿನಿಂದ ಎದ್ದೆ.

ಆ ಮನುಷ್ಯ ಬೇಡ ಬೇಡ ಎಂದು ಕೈಯಾಡಿಸಿ ಸೌತೇಕಾಯಿ ವಾಪಸಿಟ್ಟ. ಚಿಕ್ಕಪ್ಪ ಮತ್ತೆ ಹಾಕಿದ. ಅವನು ತೆಗೆದ, ಇವನು ಹಾಕಿದ. ಕೊನೆಗೆ ಅವನು ಸೋತು, ಬಗ್ಗಿ ನಮಸ್ಕಾರ ಮಾಡಿ, ಟ್ರಕ್ಕಿನ ಹಿಂದಕ್ಕೆ ಹೋಗಿ ನಾಲ್ಕು ಜೋಳದ ತೆನೆ ತಂದು ಹಲಗೆಯ ಮೇಲಿಟ್ಟ. ಆ ಊರಿನಲ್ಲಿ ಯಾರಾದರೂ ಏನಾದರೂ ಕೊಟ್ಟರೆ ಸುಮ್ಮನೆ ತೆಗೆದುಕೊಂಡು ಹೋಗುವ ಪದ್ಧತಿಯಿಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು.

ಸೈಕಲ್ಲಿನಲ್ಲಿ ಒಬ್ಬ ತಾಯಿ ಬಂದಳು, ಹಿಂದಿನ ಕುರ್ಚಿಯಲ್ಲಿ ಮಗು. ಅವಳು ಕೊಂಡ ಟೊಮೆಟೊದ ಮೇಲೆ ಚಿಕ್ಕಪ್ಪ ಮಗುವಿನ ಕೈಗೆ ಒಂದು ಕೊಟ್ಟ. ಮಗು ಅಲ್ಲೇ ಕಚ್ಚಿತು. ರಸ ಅಂಗಿಯ ಮೇಲೆ. ತಾಯಿ ಹೋಗಿ, ಸ್ವಲ್ಪ ಹೊತ್ತಿಗೆ ಒಂದು ಡಬ್ಬಿ ಉಪ್ಪಿನಕಾಯಿ ತಂದಿಟ್ಟಳು. ಆಮೇಲೆ ಛತ್ರಿ ಹಿಡಿದ ಒಬ್ಬ ಮುದುಕ ಬದನೆಕಾಯಿ ಕೊಂಡು, ಕೊಸರಿಗೆ ಪ್ರತಿಯಾಗಿ ಎಂಟು ಪ್ಲಮ್ ಹಣ್ಣು ಇಟ್ಟು ಹೋದ. ಮಧ್ಯಾಹ್ನದ ಹೊತ್ತಿಗೆ ಅಂಗಡಿಯಲ್ಲಿ ಶುರುವಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಮಾಲಿತ್ತು. ಚಿಕ್ಕಪ್ಪ ಒಂದು ಪ್ಲಮ್ ಬಾಯಿಗೆ ಹಾಕಿಕೊಂಡು ನನ್ನತ್ತ ನೋಡಿದ. "ಡಬ್ಬಿ ಮಾಡ್ತಿತ್ತಾ ಇದ್ನ?"

ಅಂಗಡಿಯ ಅಜ್ಜಿ

ನಮ್ಮನ್ನು ಹುಡುಕಿಕೊಂಡು ಯೊಶಿಕೊ ಬಂದರು. ಅವರ ಹಿಂದೆಯೇ, ಕೈಗಾಡಿಯೊಂದನ್ನು ಊರುಗೋಲಿನಂತೆ ತಳ್ಳಿಕೊಂಡು, ಬೆನ್ನು ಪೂರ್ತಿ ಬಾಗಿದ ಒಬ್ಬ ಅಜ್ಜಿ ಬಂದಳು. ಅಂಗಡಿ ಅವಳದು. ತನ್ನ ಜಾಗದಲ್ಲಿ ಪಂಚೆ ಉಟ್ಟ ಅಪರಿಚಿತನನ್ನೂ, ಬಿಚ್ಚಿದ ಚೀಲಗಳನ್ನೂ ನೋಡಿ ನಿಂತಳು. ನಾನು ಸೊಂಟ ಮುರಿಯುವಷ್ಟು ಬಗ್ಗಿದೆ. ಅಜ್ಜಿ ನನ್ನನ್ನು ನೋಡಲೇ ಇಲ್ಲ. ನೇರ ಹೋಗಿ ಟೊಮೆಟೊ ಗುಡ್ಡೆಯ ಮೇಲಿನ ಎರಡು ದಪ್ಪ ಹಣ್ಣನ್ನು ಎತ್ತಿದಳು. ಕೆಳಗೆ ಸಣ್ಣವು ಅವಿತಿದ್ದವು. ಪಕ್ಕದ ಗುಡ್ಡೆಯನ್ನೂ ಎತ್ತಿ ನೋಡಿದಳು. ಅಲ್ಲೂ ಹಾಗೇ. ಚಿಕ್ಕಪ್ಪ ಆಕಾಶ ನೋಡಿದ.

"ಗೌಡ್ರೇ," ಅಂದರು ಯೊಶಿಕೊ, "ಅಜ್ಜಿ ಕೇಳ್ತಾರೆ. ಸಣ್ಣದು ಯಾಕೆ ಕೆಳಗೆ?"

"ಅದು... ಸಣ್ಣವಕ್ಕೆ ಬಿಸ್ಲು ತಡೆಯಾಕಿಲ್ಲ ಅಂತವ."

ಯೊಶಿಕೊ ಅದನ್ನು ಹೇಳಿದರು. ಅಜ್ಜಿ ಒಂದೇ ಒಂದು ಮಾತಾಡಿದಳು.

"ಸುಳ್ಳು ಅಂತಾರೆ," ಅಂದರು ಯೊಶಿಕೊ.

ಚಿಕ್ಕಪ್ಪನ ಮುಖ ಕಪ್ಪಿಟ್ಟಿತು. ಅಜ್ಜಿ ಎಲ್ಲ ಗುಡ್ಡೆಗಳನ್ನೂ ಕೆಡವಿ, ಸಣ್ಣವನ್ನು ಮೇಲಿಟ್ಟು ಮತ್ತೆ ಕಟ್ಟಿದಳು. ನನಗೆ ನಾಚಿಕೆಯಿಂದ ಅಳು ಬರುವಂತಾಗಿತ್ತು. ನಮ್ಮೂರಿನ ಮಾನವನ್ನು ಸಮುದ್ರದಾಚೆ ತಂದು ಟೊಮೆಟೊ ಕೆಳಗೆ ಬಚ್ಚಿಟ್ಟಂತಾಯಿತಲ್ಲ!

ಆಮೇಲೆ ಅಜ್ಜಿಗೆ ಜೋಳ, ಪ್ಲಮ್, ಉಪ್ಪಿನಕಾಯಿ ಕಂಡವು. ಇವು ತನ್ನವಲ್ಲ, ಯಾರು ಇಟ್ಟರು ಎಂದು ಕೇಳಿದಳು. ಚಿಕ್ಕಪ್ಪನಿಗೆ ಹೆಸರು ಗೊತ್ತಿಲ್ಲ. ಎದ್ದು ನಿಂತು ಮಾಡಿ ತೋರಿಸಿದ. ಬೂಟು ಎಳೆದುಕೊಂಡು ನಡೆಯುವುದು, ಸೌತೇಕಾಯಿ ಬೇಡ ಬೇಡ ಅನ್ನುವುದು. ಅಜ್ಜಿ ಮುಖ ಎತ್ತಿದಳು. ಅದು ತನ್ನ ಮೇಲಿನ ಮನೆಯವನಂತೆ. ಅವನು ತನ್ನ ಸೌತೇಕಾಯಿ ಕೊಳ್ಳುತ್ತಾನೆಂದು ಅವಳಿಗೆ ಗೊತ್ತೇ ಇರಲಿಲ್ಲವಂತೆ. ಆಮೇಲೆ ಛತ್ರಿಯ ಮುದುಕ ಬದನೆಕಾಯಿಯ ತೊಟ್ಟನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ್ದನ್ನು ಚಿಕ್ಕಪ್ಪ ಮಾಡಿ ತೋರಿಸಿದ. ಕೊನೆಗೆ ಮಗು. ಚಿಕ್ಕಪ್ಪ ಒಂದು ಟೊಮೆಟೊ ತೆಗೆದು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕಚ್ಚಿ, ಗಲ್ಲದ ಮೇಲೆ ರಸ ಇಳಿಸಿಕೊಂಡು, ತಾಯಿ ಬೈದಾಗ ನಕ್ಕ ಆ ಮಗುವೇ ಆದ.

ಅಜ್ಜಿ ಏನೋ ಹೇಳಿದಳು.

"ಇನ್ನೊಂದು ಸಲ ಅಂತಾರೆ," ಅಂದರು ಯೊಶಿಕೊ.

ಮೂರು ಸಲ ಮಾಡಿಸಿದಳು. ಮೂರನೇ ಸಲಕ್ಕೆ ಅವಳು ಪೆಟ್ಟಿಗೆಯ ಮೇಲೆ ಕೂತು ನಗುತ್ತಿದ್ದಳು. ಎಂಟು ವರ್ಷದ ಹಿಂದೆ ಮಂಡಿ ಕೆಟ್ಟು ಅಂಗಡಿಯಲ್ಲಿ ಕೂರುವುದನ್ನು ಬಿಟ್ಟಳಂತೆ. ಬೆಳಗ್ಗೆ ತಂದಿಡುತ್ತಾಳೆ, ಸಾಯಂಕಾಲ ಡಬ್ಬಿ ಒಯ್ಯುತ್ತಾಳೆ. ಒಂದು ದಿನವೂ ದುಡ್ಡು ಕಡಿಮೆ ಬಿದ್ದಿಲ್ಲ. ಯಾರು ತಿನ್ನುತ್ತಾರೆಂದು ಮಾತ್ರ ತಿಳಿಯುತ್ತಿರಲಿಲ್ಲ, ಅಂದಳಂತೆ.

ವಾಪಸು ಬರುವಾಗ ಚಿಕ್ಕಪ್ಪ ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದ. ಸುಳ್ಳುಗಾರ ಅನ್ನಿಸಿಕೊಂಡ ಬೇಸರ ಎಂದುಕೊಂಡೆ. ಕಾಲುವೆಯ ಹತ್ತಿರ ನಿಂತು ಕಾಲು ತೊಳೆಯುತ್ತಾ ಕೇಳಿದ:

"ನಮ್ ತೋಟ ಗುತ್ಗೆ ಕೊಡಕ್ಕೆ ಹಿಡ್ದು ಎಷ್ಟು ವರ್ಸ ಆಯ್ತು?"

"ನಾನು ಹುಟ್ಟಕ್ ಮುಂಚಿಂದ ಕೊಡ್ತಾ ಇದೀಯ."

"ತಿಂದೋರು ಒಬ್ಬರ ಮಖಾನೂ ನೋಡಿಲ್ಲ ಕಣವ್ವ. ಲಾರಿ ಹಿಂದ್ಗಡೆ ನೋಡಿವ್ನಿ, ಅಷ್ಟೇಯ."

"ಅದ್ಕೇ ಅಲ್ವಾ ಚಿಕ್ಕಪ್ಪ ನಾನು ಹೇಳಿದ್ದು? ಹಂಗಾದ್ರೆ ಕೆಂಪರಾಜುಗೆ..."

"ನೋಡನ."

ಕಾಲುವೆಗೆ ತಳ್ಳಿಬಿಡೋಣ ಅನ್ನಿಸಿತು.

ಮಾರನೇ ಬೆಳಗ್ಗೆ, ಅದೇ ತಿರುವು

ಎದ್ದಾಗ ಚಿಕ್ಕಪ್ಪನ ಹಾಸಿಗೆ ಮಡಿಚಿಟ್ಟಿತ್ತು, ಚಿಕ್ಕಪ್ಪ ಇರಲಿಲ್ಲ. ಎಲ್ಲಿರುತ್ತಾನೆಂದು ಯೋಚಿಸುವ ಅಗತ್ಯವಿರಲಿಲ್ಲ. ತಗಡಿನ ಸೂರಿನ ಕೆಳಗೆ ಇಬ್ಬರೂ ಕೂತಿದ್ದರು. ಅಜ್ಜಿಗೆ ಮನೆಯಿಂದ ತಂದ ಕುರ್ಚಿ, ಮಂಡಿಯ ಮೇಲೆ ಚಿಕ್ಕಪ್ಪನ ಮಡಿಚಿದ ಟವಲು. ಚಿಕ್ಕಪ್ಪ ಗುಡ್ಡೆ ಕಟ್ಟುತ್ತಿದ್ದ, ಅಜ್ಜಿ ಕೆಡವುತ್ತಿದ್ದಳು. ಅವನು ಕನ್ನಡದಲ್ಲಿ ಬಯ್ಯುತ್ತಿದ್ದ, ಅವಳು ಜಪಾನಿಯಲ್ಲಿ. ಇಬ್ಬರಿಗೂ ಅರ್ಥವಾಗುತ್ತಿತ್ತು. ಕೊನೆಗೆ ಚಿಕ್ಕಪ್ಪ ದಪ್ಪದ್ದು ಸಣ್ಣದ್ದು ಬೆರೆಸಿ ಪಕ್ಕಪಕ್ಕ ಸಾಲಾಗಿ ಜೋಡಿಸಿದ. ಅಜ್ಜಿ ಒಂದೊಂದನ್ನೂ ಎತ್ತಿ ಕೆಳಗೆ ನೋಡಿ, ಹೂಂ ಅಂದಳು. ಟ್ರಕ್ಕಿನವನು ಬಂದು ನಿಂತಿದ್ದ, ಅಜ್ಜಿ ಅವನನ್ನು ಏನೋ ಕೇಳಿ ಕೇಳಿ ನಗಿಸುತ್ತಿದ್ದಳು. ಹಿಂದೆ ಇನ್ನಿಬ್ಬರು ಹೆಂಗಸರು.

ಚಿಕ್ಕಪ್ಪನ ಫೋನು ಬಡಿದುಕೊಂಡಿತು. ನಮ್ಮೂರಿನಲ್ಲಿ ಆಗಷ್ಟೇ ಬೆಳಗಾಗಿರಬೇಕು. ಚಿಕ್ಕಪ್ಪ ಪರದೆ ನೋಡಿ, ಫೋನನ್ನು ನನ್ನ ಕೈಗೆ ತುರುಕಿದ.

"ಗಿರಾಕಿಗಳವ್ರೆ. ನೀನೇ ಮಾತಾಡು."

"ಏನಂತ ಮಾತಾಡ್ಲಿ?"

"ಕೊಡಾಕಿಲ್ಲ ಅನ್ನು."

"ಚಿಕ್ಕಪ್ಪ, ನಿಜವಾಗ್ಲೂ?"

"ಆದ್ರೆ ಫೋಟೋಗೀಟೋ ನಂಗ್ ಬ್ಯಾಡ. ನಾನೇ ಕೂತ್ಕತೀನಿ ನಿನ್ನ ಮಳಿಗೇಲಿ. ಪೆಟ್ಟಿಗೇನೂ ಬ್ಯಾಡ, ಮೂಸಿ ನೋಡಿ ತಗಳ್ಳಿ ಜನ. ಯೋಯ್ ಯಜಮಾನ, ಒಸಿ ತಡಿ, ಇದೊಂದು ಹಾಕ್ತೀನಿ." ಕೊನೆಯ ಮಾತು ಟ್ರಕ್ಕಿನವನಿಗೆ.

ಆರು ತಿಂಗಳು ರಾತ್ರಿ ಹಗಲು ಬರೆದ ನನ್ನ ವರದಿಯ ಮುಕ್ಕಾಲು ಪಾಲು ಒಂದೇ ಉಸಿರಿಗೆ ಹೋಯಿತು. ಉಳಿದ ಕಾಲು ಪಾಲಿಗೇ ಕಣ್ಣು ತುಂಬಿತು. ಫೋನು ಕಿವಿಗಿಟ್ಟೆ.

"ಕೆಂಪರಾಜಣ್ಣ, ಚಿಕ್ಕಪ್ಪ ತೋಟ ಕೊಡಲ್ವಂತೆ."

"ಯಾಕಂತವ್ವಾ? ಬೇರೆ ಯಾರಾರೂ ಜಾಸ್ತಿ ಕೊಡ್ತೀನಂದ್ರಾ?"

"ಇಲ್ಲ."

"ಮತ್ತೆ?"

ಇಂಥ ದಿನಕ್ಕೆಂದೇ ನಾನು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ನಾಲ್ಕು ಕಾರಣ, ಪ್ರತಿ ಕಾರಣಕ್ಕೂ ಒಂದು ಪಟ್ಟಿ. ಆ ನಾಲ್ಕರಲ್ಲಿ ಚಿಕ್ಕಪ್ಪನ ಕಾರಣ ಇರಲಿಲ್ಲ.

"ತಿನ್ನೋರ ಮುಖ ನೋಡ್ಬೇಕಂತೆ."

"ಅಷ್ಟಕ್ಕೇನಾ?" ಅಂದ ಕೆಂಪರಾಜು.

"ಅಷ್ಟಕ್ಕೇ."

ಫೋನು ಇಟ್ಟು, ಊರಿನ ಹತ್ತು ಮನೆಗೂ ಸುದ್ದಿ ಕಳಿಸಲು ಗುಂಪಿನಲ್ಲಿ ಟೈಪ್ ಮಾಡತೊಡಗಿದೆ. ಮೂರು ಪದ ಆಗಿತ್ತು.

"ಏನ್ ಮಗಾ, ಅಲ್ ನಿಂತ್ಕಂಡು ಫೋನ್ ಒತ್ತುತಾ ಇದೀಯ? ಬದನೆಕಾಯಿ ಬಾಡ್ತಾ ಅವೆ, ಕಾಲುವೆಯಿಂದ ಒಂದ್ ಬಕೆಟ್ ನೀರು ತತ್ತಾ!"

ಅಜ್ಜಿಯೂ ಜಪಾನಿಯಲ್ಲಿ ಏನೋ ಹೇಳಿ ನನ್ನ ಕಡೆ ಬಕೆಟ್ ಚಾಚಿದಳು. ಹತ್ತು ಮನೆಗೆ ಸುದ್ದಿ ಮುಟ್ಟುವುದು ಒಂದು ಬಕೆಟ್ ನೀರಿನಷ್ಟು ಹೊತ್ತು ತಡವಾಯಿತು.